ಮಕ್ಕಳಿಗೆ ತಗಲುವ ಬ್ಯಾಕ್ಟೀರಿಯಾ ಭೇದಿ: ಅಪಾಯದ ದಾರಿಗಳನ್ನು ಮನೆಯಲ್ಲೇ ಗುರುತಿಸುವುದು ಹೇಗೆ

ಚಿಕ್ಕ ಮಗುವಿಗೆ ಭೇದಿ ಹತ್ತಿಕೊಂಡಾಗ ನಾವು ಮೊದಲು ಬೊಟ್ಟು ಮಾಡುವುದು ನಲ್ಲಿ ನೀರಿನತ್ತ, ಆಮೇಲೆ ಹೊರಗಿನ ತಿಂಡಿಯತ್ತ. ಎರಡೂ ಅಲ್ಲವೆಂದಾದರೆ ಹಲ್ಲು ಬರುತ್ತಿರಬೇಕು ಎಂದು ಸುಮ್ಮನಾಗುತ್ತೇವೆ. ಮೊದಲ ಎರಡು ನಿಜವಾದ ಅಪಾಯಗಳೇ ಸರಿ. ಆದರೆ ಎರಡು ವರ್ಷ ತುಂಬದ ಮಗು ಹೊರಗೆ ತಿನ್ನುವುದು ಕಡಿಮೆ, ಅದು ಕುಡಿಯುವ ನೀರೂ ನಲ್ಲಿಯಿಂದ ನೇರವಾಗಿ ಬಾಯಿಗೆ ಬರುವುದಿಲ್ಲ. ನಡುವೆ ಕೊಡ, ಲೋಟ, ಚಮಚ, ಬಾಟಲಿ, ಒರೆಸುವ ಬಟ್ಟೆ ಮತ್ತು ದೊಡ್ಡವರ ಕೈ ಇರುತ್ತವೆ. ರೋಗಾಣುವಿನ ದಾರಿಯನ್ನು ಮೊದಲು ಅಲ್ಲಿ ಹುಡುಕಬೇಕು. ಹುಡುಕುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಎಷ್ಟು ರೋಗಾಣು ಸಾಕು ಎಂಬ ಲೆಕ್ಕ

ಮಕ್ಕಳ ಭೇದಿಯೆಲ್ಲ ಬ್ಯಾಕ್ಟೀರಿಯಾದಿಂದ ಬರುವುದಲ್ಲ. ಕೋಲ್ಕತ್ತವೂ ಸೇರಿದಂತೆ ಆಫ್ರಿಕಾ ಮತ್ತು ದಕ್ಷಿಣ ಏಷ್ಯಾದ ಏಳು ದೇಶಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಐದು ವರ್ಷದೊಳಗಿನವರ ತೀವ್ರತರ ಭೇದಿಗೆ ಮುಖ್ಯ ಕಾರಣಗಳಾಗಿ ಕಂಡವು ನಾಲ್ಕು: ರೋಟಾವೈರಸ್, ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ, ಶಿಗೆಲ್ಲಾ ಬ್ಯಾಕ್ಟೀರಿಯಾ ಮತ್ತು ಕರುಳಿನಲ್ಲಿ ವಿಷ ಸ್ರವಿಸುವ ಒಂದು ಬಗೆಯ ಇ. ಕೋಲಿ. ಇವಲ್ಲದೆ ಕ್ಯಾಂಪಿಲೊಬ್ಯಾಕ್ಟರ್, ಸಾಲ್ಮೊನೆಲ್ಲಾ ಮತ್ತು ಕಾಲರಾ ರೋಗಾಣುಗಳೂ ನಮ್ಮ ನಡುವೆ ಇವೆ. ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಸರ್ಕಾರಿ ಲಸಿಕಾ ಕಾರ್ಯಕ್ರಮದಡಿ ಬಾಯಿಗೆ ಹಾಕಿಸುವ ರೋಟಾವೈರಸ್ ಲಸಿಕೆಯನ್ನು ಜನ ಭೇದಿ ಲಸಿಕೆ ಎಂದೇ ಕರೆಯುವುದರಿಂದ, ಅದನ್ನು ಹಾಕಿಸಿದ ಮೇಲೆ ಇನ್ನು ಯಾವ ಭೇದಿಯೂ ಬಾರದೆಂಬ ಭಾವನೆ ಕೆಲವರಲ್ಲಿ ಬೇರೂರಿದೆ. ಅದು ತಡೆಯುವುದು ಆ ಒಂದು ವೈರಸ್ಸನ್ನು ಮಾತ್ರ. ತಪ್ಪದೆ ಹಾಕಿಸಬೇಕು, ಆದರೆ ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಅದು ರಕ್ಷಣೆಯಲ್ಲ.

ಎಲ್ಲಿ ಎಚ್ಚರ ವಹಿಸಬೇಕೆಂಬುದನ್ನು ತಿಳಿಯಲು ಒಂದು ವಿಷಯ ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭವಾಗುತ್ತದೆ. ಕಾಯಿಲೆ ತರಲು ಬೇಕಾಗುವ ರೋಗಾಣುಗಳ ಸಂಖ್ಯೆ ಒಂದೊಂದಕ್ಕೆ ಒಂದೊಂದು. ಆಮಶಂಕೆ ತರುವ ಶಿಗೆಲ್ಲಾಕ್ಕೆ ಹತ್ತರಿಂದ ನೂರು ಜೀವಾಣುಗಳು ಸಾಕು; ಅಂದರೆ ಸರಿಯಾಗಿ ತೊಳೆಯದ ಉಗುರಿನ ಸಂದಿ, ಬಾಗಿಲಿನ ಚಿಲಕ, ಅನ್ನದ ಮೇಲೆ ಕುಳಿತೆದ್ದ ನೊಣ, ಇಷ್ಟರಿಂದಲೇ ಅದು ದಾಟಿಬಿಡುತ್ತದೆ. ಕ್ಯಾಂಪಿಲೊಬ್ಯಾಕ್ಟರ್‌ಗೆ ಕೆಲವು ನೂರು ಸಾಕು. ಕಾಲರಾ ಮತ್ತು ವಿಷ ಸ್ರವಿಸುವ ಇ. ಕೋಲಿಗಳಿಗೆ, ಆರೋಗ್ಯವಂತ ವಯಸ್ಕರಲ್ಲಿ, ಕೋಟಿಗಟ್ಟಲೆ ಬೇಕಾಗುತ್ತವೆ. ಏಕೆಂದರೆ ಹೊಟ್ಟೆಯ ಆಮ್ಲ ಅವುಗಳನ್ನು ಬಹುಮಟ್ಟಿಗೆ ಕೊಂದುಹಾಕುತ್ತದೆ. ಅಷ್ಟೊಂದು ರೋಗಾಣುಗಳು ಬೆರಳಿನಲ್ಲಿ ಅಂಟಿಕೊಂಡು ಬರಲಾರವು. ಅವು ಎಲ್ಲೋ ಬೆಳೆದಿರಬೇಕು, ಇಲ್ಲವೇ ಹೇರಳವಾಗಿ ಮಲ ಬೆರೆತ ನೀರಿನಲ್ಲಿರಬೇಕು. ಹೀಗಾಗಿ ಅಪಾಯಗಳು ಎರಡು ಬಗೆಯವು: ರೋಗಾಣು ತಾಗುವ ಜಾಗಗಳು ಮತ್ತು ರೋಗಾಣು ಬೆಳೆಯುವ ಜಾಗಗಳು. ಮೊದಲನೆಯದಕ್ಕೆ ಸೋಪು ಮದ್ದು. ಎರಡನೆಯದಕ್ಕೆ ಬೆಂಕಿಯ ಬಿಸಿ ಮತ್ತು ಸಮಯದ ಮಿತಿ.

ಮೊದಲು ಮಗುವನ್ನು ನೋಡಿ

ಒಂದೇ ಮನೆಯಲ್ಲಿ ಒಂದೇ ಊಟ ಮಾಡಿದ ಇಬ್ಬರು ಮಕ್ಕಳಲ್ಲಿ ಒಂದಕ್ಕೆ ಭೇದಿಯಾಗಿ ಇನ್ನೊಂದು ಆಡಿಕೊಂಡಿರುವುದನ್ನು ಎಲ್ಲರೂ ಕಂಡಿರುತ್ತೇವೆ. ವಯಸ್ಸು ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. ಆರು ತಿಂಗಳಿಂದ ಒಂದು, ಒಂದೂವರೆ ವರ್ಷದವರೆಗಿನ ಅವಧಿ ಅತ್ಯಂತ ಸೂಕ್ಷ್ಮವಾದದ್ದು. ತಾಯಿಯಿಂದ ಬಂದ ರಕ್ಷಣೆ ಆ ಹೊತ್ತಿಗೆ ಇಳಿಯುತ್ತಿರುತ್ತದೆ, ಮೇಲಿನ ಆಹಾರ ಶುರುವಾಗಿರುತ್ತದೆ, ಮಗು ತೆವಳುತ್ತಾ ಅಂಬೆಗಾಲಿಡುತ್ತಾ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿರುತ್ತದೆ. ಹಲ್ಲು ಮೂಡುವುದೂ ಅದೇ ಕಾಲಕ್ಕೆ. ಹೀಗಾಗಿ ಭೇದಿಯ ಹೊಣೆ ಹಲ್ಲಿನ ಮೇಲೆ ಬೀಳುತ್ತದೆ. ತಪ್ಪು ಬಾಯಿಗೆ ಹೋದ ಕೈಯದ್ದು. ಈ ನಂಬಿಕೆಯ ತೊಂದರೆಯೆಂದರೆ, ಹಲ್ಲು ಬಂದರೆ ತಾನಾಗಿ ನಿಲ್ಲುತ್ತದೆ ಎಂದು ಎರಡು ಮೂರು ದಿನ ಕಾಯುವಷ್ಟರಲ್ಲಿ ಮಗು ಬತ್ತಿಹೋಗಿರುತ್ತದೆ.

ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನನ್ನೂ ಕೊಡಬಾರದು ಎಂಬ ಮಾತಿನಲ್ಲಿ ‘ಬೇರೇನನ್ನೂ’ ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಬೇಸಿಗೆಯೆಂದು ನಾಲ್ಕು ಚಮಚ ನೀರು, ತೇಯ್ದ ಬಜೆ, ನಾಲಗೆಗೆ ಸವರಿದ ಜೇನು, ಗ್ರೈಪ್ ವಾಟರ್, ಒಳಲೆಯಲ್ಲಿ ಹಾಕಿದ ಹಸುವಿನ ಹಾಲು, ಇವೆಲ್ಲವೂ ರೋಗಾಣುವಿಗೆ ತೆರೆದ ಬಾಗಿಲುಗಳೇ. ಬಜೆ ತೇಯುವ ಕಲ್ಲನ್ನು ಯಾರೂ ಕುದಿಸುವುದಿಲ್ಲ. ಜೇನಂತೂ ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ. ಅದರಿಂದ ಬೊಟುಲಿಸಂ ಎಂಬ, ಮೈಯ ಸ್ನಾಯುಗಳ ಶಕ್ತಿ ಕುಂದಿಸುವ ಬೇರೆಯದೇ ಕಾಯಿಲೆಯ ಅಪಾಯವಿದೆ. ಎದೆಹಾಲಿನಲ್ಲಿ ಕರುಳಿನ ಒಳಪದರವನ್ನು ಕಾಯುವ ಪ್ರತಿಕಾಯಗಳಿರುವುದರಿಂದ, ಮೇಲಿನ ಆಹಾರ ಶುರುವಾದ ಮೇಲೂ ಎರಡು ವರ್ಷದವರೆಗೆ ಅದನ್ನು ಮುಂದುವರಿಸುವುದು ಭೇದಿಯ ಮಟ್ಟಿಗೆ ಲಾಭವೇ.

ತೂಕ ಕಡಿಮೆಯಿರುವ ಮಗುವಿಗೆ ಭೇದಿ ಬೇಗ ತಗಲುತ್ತದೆ, ಹೆಚ್ಚು ದಿನ ಇರುತ್ತದೆ, ಅದು ಮುಗಿಯುವ ಹೊತ್ತಿಗೆ ತೂಕ ಇನ್ನಷ್ಟು ಇಳಿದಿರುತ್ತದೆ. ಈ ಸುಳಿಯನ್ನು ಅಂಗನವಾಡಿಯ ತೂಕದ ಪಟ್ಟಿಯಲ್ಲಿಯೇ ಕಾಣಬಹುದು. ಗೆರೆ ಮೇಲಕ್ಕೇರದೆ ಅಡ್ಡಲಾಗಿ ಸಾಗುತ್ತಿದ್ದರೆ ಆ ಮಗುವಿನ ಆಹಾರ, ನೀರುಗಳಲ್ಲಿ ಉಳಿದವರಿಗಿಂತ ಹೆಚ್ಚಿನ ಎಚ್ಚರ ಬೇಕು. ದಡಾರ ಬಂದು ಹೋದ ಮಗುವಿನ ರೋಗನಿರೋಧಕ ಶಕ್ತಿ ಕೆಲವು ಕಾಲ ಕುಗ್ಗಿರುತ್ತದೆಯಾದ್ದರಿಂದ, ಒಂಬತ್ತು ತಿಂಗಳು ತುಂಬಿದಾಗ ಮತ್ತು ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಹಾಕಿಸುವ ದಡಾರ ಲಸಿಕೆಯೂ ಪರೋಕ್ಷವಾಗಿ ಭೇದಿಯ ಲಸಿಕೆಯೇ. ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಔಷಧಿಯನ್ನು ದೀರ್ಘಕಾಲ ಸೇವಿಸುತ್ತಿರುವ ಮಗು, ಸ್ಟಿರಾಯ್ಡ್ ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗು, ಈಚೆಗಷ್ಟೇ ಆ್ಯಂಟಿಬಯಾಟಿಕ್ ಮುಗಿಸಿದ ಮಗು, ಇವರನ್ನೂ ಹೆಚ್ಚಿನ ಅಪಾಯದವರೆಂದೇ ಎಣಿಸಬೇಕು. ನೆಗಡಿಗೆಲ್ಲ ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ಕುಡಿಸುವ ಅಭ್ಯಾಸವು ಕರುಳಿನಲ್ಲಿ ಕಾವಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಅಳಿಸಿಬಿಡುತ್ತದೆ ಎಂಬುದು ಅನೇಕರ ಗಮನಕ್ಕೆ ಬರುವುದಿಲ್ಲ.

ಒಂದು ದಿನ ಮಗುವಿನ ಬಾಯಿಯ ಮೇಲೆ ಕಣ್ಣಿಡಿ

ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಮಗುವಿನ ಬಾಯಿಗೆ ಹೋದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ಊಟವನ್ನಷ್ಟೇ ಅಲ್ಲ, ಬೆರಳು, ಆಟಿಕೆ, ಸೆರಗಿನ ತುದಿ, ನೆಲದಿಂದ ಹೆಕ್ಕಿದ ಚೂರು ಎಲ್ಲವನ್ನೂ ಬರೆಯಿರಿ. ಪ್ರತಿಯೊಂದರ ಎದುರು ಎರಡು ವಿಷಯ ಗುರುತಿಸಿ: ಅದನ್ನು ಕೊನೆಯದಾಗಿ ಮುಟ್ಟಿದ್ದು ಯಾರ ಕೈ, ಮತ್ತು ತಯಾರಾದ ಮೇಲೆ ಅದು ಎಷ್ಟು ಹೊತ್ತು ಹೊರಗಿತ್ತು. ಈ ಕೆಲಸವನ್ನು ಮಗುವನ್ನು ದಿನವಿಡೀ ನೋಡಿಕೊಳ್ಳುವವರೇ ಮಾಡಬೇಕು. ಅಜ್ಜಿಯಾದರೆ ಅಜ್ಜಿ, ಅಕ್ಕನಾದರೆ ಅಕ್ಕ. ತಪ್ಪು ಹುಡುಕುವ ಧಾಟಿಯಲ್ಲಿ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ.

ಈ ಹಾಳೆಯಲ್ಲಿ ಮೊದಲು ಗಮನಿಸಬೇಕಾದದ್ದು ಬೇಯಿಸಿಟ್ಟ ಆಹಾರ. ಬೆಳಿಗ್ಗೆ ಒಂದು ಪಾತ್ರೆ ರಾಗಿ ಸರಿ ಮಾಡಿ, ಸಂಜೆಯವರೆಗೂ ಅದನ್ನೇ ಸ್ವಲ್ಪ ಸ್ವಲ್ಪ ತಿನ್ನಿಸುವ ರೂಢಿ ಕೆಲಸಕ್ಕೆ ಹೋಗುವ ತಾಯಂದಿರ ಮನೆಗಳಲ್ಲಿ ಸಾಮಾನ್ಯ. ಸಮಯವಿಲ್ಲದ್ದೇ ಕಾರಣ ಹೊರತು ಅಸಡ್ಡೆಯಲ್ಲ. ಆದರೆ ಬೆಚ್ಚಗಿನ, ನೀರಾಗಿರುವ, ಹಾಲು ಬೆಲ್ಲ ಬೆರೆತ ರಾಗಿ ಸರಿ ಇ. ಕೋಲಿಗೂ ಅಷ್ಟೇ ಪುಷ್ಟಿಕರ. ಅನುಕೂಲಕರ ಬಿಸಿಯಲ್ಲಿ ಅದು ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಆ ಲೆಕ್ಕದಂತೆ ಚಮಚದಿಂದ ಬಂದ ನೂರು ಬ್ಯಾಕ್ಟೀರಿಯಾಗಳು ನಾಲ್ಕು ಗಂಟೆಯಲ್ಲಿ ನಾಲ್ಕು ಲಕ್ಷ ದಾಟುತ್ತವೆ. ಅಡುಗೆಮನೆಯಲ್ಲಿ ಬೆಳವಣಿಗೆ ಇಷ್ಟು ವೇಗವಾಗಿ ನಡೆಯದಿದ್ದರೂ ದಿಕ್ಕು ಇದೇ. ಹೀಗಾಗಿ ಒಂದು ಹೊತ್ತಿಗೆ ಬೇಕಾದಷ್ಟೇ ಮಾಡುವುದು, ಮಾಡಿದ್ದನ್ನು ಎರಡು ಗಂಟೆಯೊಳಗೆ ಮುಗಿಸುವುದು ಉತ್ತಮ. ಅದು ಸಾಧ್ಯವಿಲ್ಲದಿದ್ದರೆ, ತಿನ್ನಿಸುವ ಮೊದಲೇ ಪಾಲು ಬೇರೆ ತೆಗೆದು ಫ್ರಿಜ್ಜಿನಲ್ಲಿಟ್ಟು, ಕೊಡುವಾಗ ಅಂಚಿನಿಂದ ನಡುವಿನವರೆಗೂ ಕೊತಕೊತ ಕುದಿಸಿ ಆರಿಸಬೇಕು. ಉಗುರುಬೆಚ್ಚಗೆ ಮಾಡುವುದು ಎಲ್ಲಕ್ಕಿಂತ ಕೆಟ್ಟದ್ದು. ಹುರಿದು ಪುಡಿ ಮಾಡಿಟ್ಟ ಹಿಟ್ಟು ಒಣಗಿರುವವರೆಗೆ ಸುರಕ್ಷಿತವೇ, ಆದ್ದರಿಂದ ಹಿಟ್ಟನ್ನು ಮೊದಲೇ ಸಿದ್ಧಪಡಿಸಿಟ್ಟು ಹೊತ್ತಿಗೆ ಐದು ನಿಮಿಷ ಕಾಯಿಸುವುದು ಕೆಲಸದ ಮನೆಗಳಿಗೆ ಒಪ್ಪುವ ದಾರಿ. ತಣ್ಣಗಾದ ಅನ್ನದ ವಿಷಯದಲ್ಲಿ ಮತ್ತೆ ಕುದಿಸುವುದೂ ಸಾಲದು. ಅದರಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ಒಂದು ವಿಷ ಕುದಿತಕ್ಕೂ ಜಗ್ಗುವುದಿಲ್ಲ.

ಹಾಲಿನ ಬಾಟಲಿ ಬಳಸುವ ಮನೆಯಲ್ಲಿ ಅದನ್ನೇ ಮೊದಲ ಶಂಕಿತನೆಂದು ತಿಳಿಯಬೇಕು. ನಿಪ್ಪಲಿನ ಒಳಮೈ ಮತ್ತು ಬಾಟಲಿಯ ಕುತ್ತಿಗೆಯ ತಿರುಪಿನಲ್ಲಿ ಸಿಕ್ಕಿದ ಹಾಲಿನ ಪದರವನ್ನು ತೊಳೆದು ತೆಗೆಯುವುದು ಕಷ್ಟ. ಬಾಟಲಿಯ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾನೂನೊಂದು ನಿಷೇಧಿಸಿದೆ ಎಂಬುದು ಇಲ್ಲಿ ನೆನಪಿಸಿಕೊಳ್ಳತಕ್ಕದ್ದು. ಮೇಲುಹಾಲು ಅನಿವಾರ್ಯವಾದರೆ ಅಗಲ ಬಾಯಿಯ ಸ್ಟೀಲ್ ಬಟ್ಟಲು ಮತ್ತು ಚಮಚ ವಾಸಿ. ತೊಳೆಯಲು ಸುಲಭ, ಕುದಿಸಲೂ ಸುಲಭ. ಡಬ್ಬದ ಹಾಲಿನ ಪುಡಿ ಪೂರ್ಣ ನಿರ್ಜೀವಾಣುಕವಲ್ಲ, ಆದುದರಿಂದ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಪುಡಿ ಬೆರೆಸಿ, ಬಳಿಕ ಆರಿಸಿ, ಎರಡು ಗಂಟೆಯೊಳಗೆ ಕುಡಿಸಿ, ಮಿಕ್ಕದ್ದನ್ನು ಚೆಲ್ಲಬೇಕು. ಹಸುವಿನ ಹಾಲನ್ನು ಕಾಯಿಸದೆ ಕೊಡಬಾರದು.

ನೀರು: ನಲ್ಲಿಯಿಂದ ಲೋಟದವರೆಗೆ

2022ರಲ್ಲಿ ರಾಯಚೂರಿನಲ್ಲಿ, 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಅಸುನೀಗಿದ ಸುದ್ದಿಗಳು ಇನ್ನೂ ಹಳತಾಗಿಲ್ಲ. ನಮ್ಮ ಹೆಚ್ಚಿನ ಊರುಗಳಲ್ಲಿ ನೀರು ದಿನಪೂರ್ತಿ ಬರುವುದಿಲ್ಲ. ನೀರು ನಿಂತಾಗ ಕೊಳವೆಯೊಳಗೆ ಒತ್ತಡ ಇಲ್ಲವಾಗಿ, ಪಕ್ಕದ ಚರಂಡಿಯ ನೀರು ಬಿರುಕುಗಳಿಂದ ಒಳಕ್ಕೆ ಎಳೆದುಕೊಳ್ಳಲ್ಪಡುತ್ತದೆ. ಮರಳಿ ನೀರು ಬಿಟ್ಟಾಗ ಆ ಕೊಳೆಯೇ ಮೊದಲು ನಲ್ಲಿಗೆ ಬರುತ್ತದೆ. ಹುಬ್ಬಳ್ಳಿ ಧಾರವಾಡದಲ್ಲಿ ನಿರಂತರ ನೀರು ಬರುವ ವಾರ್ಡುಗಳನ್ನೂ ಬಿಟ್ಟು ಬಿಟ್ಟು ಬರುವ ವಾರ್ಡುಗಳನ್ನೂ ಹೋಲಿಸಿದ ಸಂಶೋಧಕರು ಈ ಮೊದಲ ನೀರು ಹೆಚ್ಚು ಮಲಿನವೆಂಬುದನ್ನು ಅಳೆದು ತೋರಿಸಿದ್ದಾರೆ. ಅದೇ ಅವಳಿ ನಗರದಲ್ಲಿ ಮಕ್ಕಳ ಆರೋಗ್ಯ ಗಮನಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿರಂತರ ನೀರಿನಿಂದ ಒಟ್ಟಾರೆ ಭೇದಿಯೇನೂ ಕಡಿಮೆಯಾಗಿರಲಿಲ್ಲ. ಆದರೆ ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆಯಿತ್ತು. ನೀರಿನ ಪಾತ್ರವೂ ಅದರ ಮಿತಿಯೂ ಈ ಒಂದೇ ಫಲಿತಾಂಶದಲ್ಲಿ ಕಾಣುತ್ತವೆ. ಆದ್ದರಿಂದ ನೀರು ಬಂದ ಕೂಡಲೇ ಬರುವ ಮೊದಲ ಕೊಡಗಳನ್ನು ಬಟ್ಟೆ, ನೆಲ, ಗಿಡಗಳಿಗೆ ಎತ್ತಿಟ್ಟು, ಬಣ್ಣ ತಿಳಿಯಾದ ಮೇಲಿನದನ್ನು ಕುಡಿಯಲು ಹಿಡಿಯಬೇಕು. ತಿಳಿಯಾದ ಮಾತ್ರಕ್ಕೆ ಶುದ್ಧವೆಂದಲ್ಲ. ಮಗುವಿನ ಪಾಲನ್ನು ಕುದಿಸಲೇಬೇಕು. ಬುಳುಬುಳು ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಎತ್ತರದ ಪ್ರದೇಶಗಳಿಗೆ ಮೂರು ನಿಮಿಷವೆಂಬ ಸೂಚನೆ ಇದೆಯಾದರೂ ಅದು 2000 ಮೀಟರ್ ಮೇಲಿನವರಿಗೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೂ ಅಷ್ಟು ಎತ್ತರವಿಲ್ಲ.

ಕುದಿಸಿದ ನೀರು ಮತ್ತೆ ಕೆಡುವುದು ಮನೆಯಲ್ಲಿ. ಅಗಲ ಬಾಯಿಯ ಪಾತ್ರೆಯೊಳಗೆ ಲೋಟ ಅದ್ದುವಾಗ ಬೆರಳುಗಳೂ ಅದ್ದುತ್ತವೆ. ನಲ್ಲಿಯಿರುವ ಪಾತ್ರೆ, ಅದಿಲ್ಲವಾದರೆ ಉದ್ದ ಹಿಡಿಯ ಸವುಟು ಮತ್ತು ಬಿಗಿ ಮುಚ್ಚಳ ಇದಕ್ಕೆ ಪರಿಹಾರ, ಖರ್ಚೂ ಕಡಿಮೆ. ನಾಣ್ಯ ಹಾಕಿ ಕ್ಯಾನು ತುಂಬಿಸುವ ಶುದ್ಧ ನೀರಿನ ಘಟಕಗಳನ್ನು ಹಳ್ಳಿಗಳಲ್ಲಿ ಜನ ಪೂರ್ತಿ ನಂಬಿದ್ದಾರೆ. ಆ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲವಾದ್ದರಿಂದ, ಒಳಗೋಡೆ ಪಾಚಿಗಟ್ಟಿದ ಕ್ಯಾನಿಗೆ ಅದನ್ನು ಹಿಡಿದರೆ ರೋಗಾಣುವನ್ನು ತಡೆಯುವವರೇ ಇಲ್ಲ. ಬಟ್ಟೆಯಲ್ಲಿ ಸೋಸುವುದರಿಂದ ಕಸ ಹೋಗುತ್ತದೆ, ಬ್ಯಾಕ್ಟೀರಿಯಾ ಹೋಗುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಉರುವಲು ಸಾಲದ ಮನೆಗೆ ಕ್ಲೋರಿನ್ ಮಾತ್ರೆ ಒಳ್ಳೆಯ ಬದಲಿ. ಪೊಟ್ಟಣದ ಮೇಲಿನ ಅಳತೆಯಂತೆ ಹಾಕಿ ಅರ್ಧ ಗಂಟೆ ಬಿಡಬೇಕು.

ಮಲ, ಕೈ, ನೆಲ, ಕೋಳಿ

ಎಳೆ ಮಗುವಿನ ಮಲದಿಂದ ಏನೂ ಆಗುವುದಿಲ್ಲವೆಂಬುದು ಬಹಳ ಹಳೆಯ ತಪ್ಪು ತಿಳಿವಳಿಕೆ. ಭೇದಿಯಾಗುತ್ತಿರುವ ಮಗುವಿನ ಮಲದಲ್ಲಿರುವ ರೋಗಾಣು ದೊಡ್ಡವರದ್ದಕ್ಕಿಂತ ಕಡಿಮೆಯೇನಲ್ಲ. ಅಂಗಳದ ಮೂಲೆಗೆ ಚೆಲ್ಲದೆ, ಬಚ್ಚಲಿನ ಮೋರಿಗೆ ತೊಳೆದುಬಿಡದೆ, ಶೌಚಾಲಯದ ಗುಂಡಿಗೇ ಹಾಕಬೇಕು. ಮಗುವಿನ ಕುಂಡೆ ತೊಳೆದ ಕೈಯನ್ನು ಸೆರಗಿಗೊರೆಸಿ ಹಾಲು ಕಾಯಿಸಲು ಹೋಗುವ ಆ ಅರ್ಧ ನಿಮಿಷವೇ ಶಿಗೆಲ್ಲಾಕ್ಕೆ ಬೇಕಾದ ಅವಕಾಶ. ಶೌಚದ ನಂತರ, ಮಗುವನ್ನು ತೊಳೆದ ನಂತರ, ಅಡುಗೆಗೆ ಮೊದಲು, ತಿನ್ನಿಸುವ ಮೊದಲು ಸೋಪು ಹಚ್ಚಿ ಇಪ್ಪತ್ತು ಸೆಕೆಂಡು ಉಜ್ಜಬೇಕೆಂದು ಎಲ್ಲರಿಗೂ ಗೊತ್ತು. ಸೋಪು ಬಚ್ಚಲಲ್ಲಿದ್ದು ಅಡುಗೆಮನೆಯಲ್ಲಿಲ್ಲದಿರುವುದರಿಂದ ಗೊತ್ತಿದ್ದದ್ದು ಆಚರಣೆಗೆ ಬರುವುದಿಲ್ಲ. ಇನ್ನೊಂದು ಸೋಪಿನ ತುಂಡು ಒಲೆಯ ಬಳಿಯ ಸಿಂಕಿನಲ್ಲಿರಲಿ. ಮನೆಯಲ್ಲಿ ಯಾರಿಗೆ ಭೇದಿಯಿದೆಯೋ ಅವರು ಅಷ್ಟು ದಿನ ಅಡುಗೆ ಮಾಡದಿರಲಿ.

ಕೋಳಿ ಸಾಕಿರುವ ಮನೆಯವರು ಒಂದು ವಿಷಯ ಗಮನಿಸಬೇಕು. ಕೋಳಿಯ ಕರುಳಿನಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಯಾವ ತೊಂದರೆಯನ್ನೂ ಕೊಡದೆ ನೆಲೆಸಿರುತ್ತದೆ. ಸಾಲ್ಮೊನೆಲ್ಲಾ ಕೂಡ ಇರಬಹುದು. ಅಂಬೆಗಾಲಿಡುವ ಮಗು ಆಡುವ ಪಡಸಾಲೆಯಲ್ಲಿ ಕೋಳಿ ತಿರುಗಾಡಿ ಹಿಕ್ಕೆ ಹಾಕಿದರೆ ಅದು ನೇರವಾಗಿ ಬೆರಳಿಗೆ, ಬೆರಳಿನಿಂದ ಬಾಯಿಗೆ ದಾಟುತ್ತದೆ. ಗೂಡು ಹೊರಗಿರಲಿ, ಮಗುವಿಗೆ ದಿನಾ ತೊಳೆದು ಒಣಗಿಸುವ ಚಾಪೆಯೊಂದು ಬೇರೆ ಇರಲಿ. ಹಸಿ ಕೋಳಿಮಾಂಸ ಹೆಚ್ಚಿದ ಮಣೆ ಮತ್ತು ಚಾಕುವನ್ನು ಸೋಪಿನಿಂದ ತೊಳೆಯದೆ ಅದರಲ್ಲೇ ಸೌತೆಕಾಯಿ ಹೆಚ್ಚಬಾರದು. ಮೊಟ್ಟೆಯ ಹಳದಿ ಗಟ್ಟಿಯಾಗುವವರೆಗೆ ಬೇಯಲಿ.

ಮಳೆಗಾಲದ ಆರಂಭ ಮತ್ತು ಬಿರುಬೇಸಿಗೆ ಬ್ಯಾಕ್ಟೀರಿಯಾ ಭೇದಿಯ ಕಾಲ. ಜಾತ್ರೆ, ಮದುವೆಗಳೂ ಆಗಲೇ. ಕತ್ತರಿಸಿಟ್ಟ ಹಣ್ಣು, ಪಾನಿಪುರಿಯ ನೀರು, ಮಂಜುಗಡ್ಡೆ, ಇವು ಮೂರನ್ನು ಬಿಟ್ಟು ಕಣ್ಣೆದುರು ಬಿಸಿಯಾಗಿ ಬಾಣಲೆಯಿಂದ ಇಳಿದದ್ದನ್ನು ಕೊಟ್ಟರೆ ಹೊರಗಿನ ತಿಂಡಿಯ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ. ಹೊರದೇಶದಿಂದ ರಜೆಗೆ ಊರಿಗೆ ಬರುವ ಕನ್ನಡಿಗರು ತಮಗೆ ಈ ನೀರು ಒಗ್ಗಿದ್ದೆಂದು ಮಕ್ಕಳಿಗೂ ಕುಡಿಸುವುದುಂಟು. ಅಲ್ಲೇ ಹುಟ್ಟಿದ ಮಗುವಿನ ಕರುಳಿಗೆ ಇಲ್ಲಿನ ಇ. ಕೋಲಿ ಹೊಸದು, ಆ ಮಗುವನ್ನು ಪ್ರವಾಸಿಯೆಂದೇ ತಿಳಿದು ಕುದಿಸಿದ ನೀರನ್ನೇ ಕೊಡಬೇಕು.

ಭೇದಿ ಶುರುವಾದರೆ

ಅಪಾಯದ ದಾರಿ ಹುಡುಕುವುದು ಆಮೇಲಿನ ಮಾತು. ಮೊದಲು ದೇಹದಿಂದ ಹೋದ ನೀರು ಮತ್ತು ಲವಣ ಮರಳಬೇಕು. 1971ರಲ್ಲಿ ಪಶ್ಚಿಮ ಬಂಗಾಳದ ಬಂಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರು ಸಕ್ಕರೆ, ಉಪ್ಪಿನ ದ್ರಾವಣವನ್ನು ಬಾಯಿಯ ಮೂಲಕವೇ ಕೊಟ್ಟು ಕಾಲರಾ ಸಾವುಗಳನ್ನು ಇಳಿಸಿದಂದಿನಿಂದ ಓಆರ್‌ಎಸ್‌ಗೆ ಸಮನಾದದ್ದು ಬಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ 20.5 ಗ್ರಾಮಿನ ಪೊಟ್ಟಣ ಪೂರ್ತಿಯಾಗಿ ಒಂದು ಲೀಟರಿಗೆ. ಅರ್ಧ ಪೊಟ್ಟಣವನ್ನು ಅಂದಾಜಿನ ಮೇಲೆ ಲೋಟಕ್ಕೆ ಹಾಕುವುದು ಅಪಾಯಕರ. 200 ಮಿಲಿಲೀಟರ್ ನೀರಿಗೆ ಬೆರೆಸುವ ಚಿಕ್ಕ ಪೊಟ್ಟಣಗಳೂ ಸಿಗುತ್ತವೆ, ಆದ್ದರಿಂದ ಪೊಟ್ಟಣದ ಮೇಲೆ ಬರೆದ ಅಳತೆ ಓದಿಯೇ ಬೆರೆಸಬೇಕು. ಎರಡು ವರ್ಷದೊಳಗಿನವರಿಗೆ ಪ್ರತಿ ನೀರುಭೇದಿಯ ನಂತರ 50ರಿಂದ 100 ಮಿಲಿಲೀಟರ್, ಅದಕ್ಕೂ ದೊಡ್ಡವರಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ತಡೆದು ಚಮಚದಲ್ಲಿ ನಿಧಾನವಾಗಿ ಕೊಡಿ. ಕಲಸಿದ ದ್ರಾವಣ 24 ಗಂಟೆ ಮಾತ್ರ. ಪೆಟ್ಟಿಗೆಯಲ್ಲಿ ಬರುವ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಹೆಚ್ಚಿನ ಸಕ್ಕರೆ ಕರುಳಿಗೆ ನೀರನ್ನು ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಜೊತೆಗೆ ಜಿಂಕ್ ಮಾತ್ರೆ, ಎರಡರಿಂದ ಆರು ತಿಂಗಳವರಿಗೆ ದಿನಕ್ಕೆ 10 ಮಿಲಿಗ್ರಾಂ, ಮೇಲಿನವರಿಗೆ 20, ಭೇದಿ ನಿಂತರೂ ಹದಿನಾಲ್ಕು ದಿನ. ಎರಡನ್ನೂ ಆಶಾ ಕಾರ್ಯಕರ್ತೆಯರು ಉಚಿತವಾಗಿ ಕೊಡುತ್ತಾರೆ. ಎದೆಹಾಲು, ಊಟ ನಿಲ್ಲಿಸಬಾರದು.

ಮಲದಲ್ಲಿ ರಕ್ತ, ಜೋರು ಜ್ವರ, ಅಕ್ಕಿ ತೊಳೆದ ನೀರಿನಂಥ ಭೇದಿ, ಕಣ್ಣು ಅಥವಾ ನೆತ್ತಿಯ ಮೆತ್ತನೆಯ ಭಾಗ ಒಳಗಿಳಿದಿರುವುದು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ತಡವಾಗಿ ಮರಳುವುದು, ಆರು ಗಂಟೆ ಮೂತ್ರವಿಲ್ಲದಿರುವುದು, ಕುಡಿಯಲಾಗದಷ್ಟು ಮಂಕು, ಇವುಗಳಲ್ಲಿ ಯಾವುದೊಂದು ಕಂಡರೂ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಎರಡು ತಿಂಗಳೊಳಗಿನ ಕೂಸಾದರೆ ಭೇದಿಯೊಂದೇ ಸಾಕು. ಆ್ಯಂಟಿಬಯಾಟಿಕ್ ಬೇಕಾಗುವುದು ಮುಖ್ಯವಾಗಿ ರಕ್ತಭೇದಿಗೆ ಮತ್ತು ಕಾಲರಾದ ಸಂಶಯವಿದ್ದಾಗ, ಅದನ್ನು ವೈದ್ಯರು ತೀರ್ಮಾನಿಸಲಿ. ಭೇದಿ ಕಟ್ಟುವ ಲೊಪೆರಮೈಡ್ ಮಾತ್ರೆಯನ್ನು ಚಿಕ್ಕ ಮಕ್ಕಳಿಗೆ ಕೊಡಲೇಬಾರದು.

ಒಂದೇ ಬೀದಿಯಲ್ಲಿ ಎರಡು ಮೂರು ಮನೆಗಳ ಮಕ್ಕಳಿಗೆ ಒಂದೇ ವಾರ ಭೇದಿಯಾದರೆ ಕಾರಣ ಒಂದು ಮನೆಯದ್ದಲ್ಲ. ಯಾವ ಕೊಳವೆ, ಯಾವ ಕೊಳವೆಬಾವಿ, ಯಾವ ತೊಂಬೆಯ ನೀರೆಂಬುದನ್ನು ಬರೆದುಕೊಂಡು ಅಂದೇ ಆಶಾ ಕಾರ್ಯಕರ್ತೆಗೂ ಪಂಚಾಯಿತಿಗೂ ತಿಳಿಸಬೇಕು. ಬ್ಲೀಚಿಂಗ್ ಪೌಡರ್ ಸುರಿಯುವ ಮೊದಲು ನೀರಿನ ಮಾದರಿ ತೆಗೆಯುವಂತೆ ಒತ್ತಾಯಿಸಿ; ಸುರಿದ ಮೇಲೆ ತೆಗೆದ ಮಾದರಿಯಲ್ಲಿ ಕಾರಣ ಸಿಗುವುದು ಕಷ್ಟ. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ನಮ್ಮ ಮಾನದಂಡ. ಅದನ್ನು ಅಳೆಯುವ ಚಿಕ್ಕ ಕಿಟ್ ಪಂಚಾಯಿತಿಯಲ್ಲಿದ್ದರೆ, ಟ್ಯಾಂಕಿನ ಬುಡದಲ್ಲಿ ಅಳೆಯದೆ ಸಾಲಿನ ಕೊನೆಯ ಮನೆಯ ನಲ್ಲಿಯಲ್ಲಿ ಅಳೆಯಲು ಹೇಳಿ.